ಕಡೆಯ ಪಿರಿಯಡ್ಡಿನ ಕಾದಂಬರಿ

ಡೊಂಬಿವಲಿಯ ನಮ್ಮ ಕನ್ನಡ ಶಾಲೆಯಲ್ಲಿ ಉಮಾವತಿ ಟೀಚರ್ ಕಾದಂಬರಿ ಓದುತ್ತಿದ್ದದ್ದು ಯಾವಾಗಲೂ ಕಡೆಯ ಪಿರಿಯಡ್ಡಿನಲ್ಲಿ. ಅದು ಅವರ ಸಾಹಿತ್ಯಪ್ರೇಮ ಎಂದು ಶಾಲೆ ನಡೆಸುವ ಕನ್ನಡ ಸಂಘದವರು ಭಾಷಣದಲ್ಲಿ ಹೊಗಳುತ್ತಿದ್ದರು. ಪ್ರೇಮವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಸಲು ಕಾರಣ ಹಾಜರಿ. ಮಧ್ಯಾಹ್ನದ ಬಿಡುವಿಗೆ ಮನೆಗೆ ಹೋದ ಮಕ್ಕಳು ತಿರುಗಿ ಬರುತ್ತಿರಲಿಲ್ಲ. ಇನ್‌ಸ್ಪೆಕ್ಟರು ಬರುವುದು ಅದೇ ಹೊತ್ತಿಗೆ. ಬೆಂಚು ಖಾಲಿ ಕಂಡರೆ ತರಗತಿ ಮುಚ್ಚುತ್ತದೆ, ತರಗತಿ ಮುಚ್ಚಿದರೆ ಟೀಚರ್ ಸರ್‌ಪ್ಲಸ್. ಆಮೇಲೆ ಸರಕಾರ ಎಲ್ಲಿಗೆ ಎಸೆಯುತ್ತದೋ ಅಲ್ಲಿ ಹೋಗಿ ಬೀಳಬೇಕು. ಹಾಗಾಗಿ ಟೀಚರ್ ಆರು, ಏಳನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ದೋಣಿ ನಡೆಸುವ ಹೆಣ್ಣೊಬ್ಬಳ ಕಾದಂಬರಿಯನ್ನು ಓದುತ್ತ, ನಡುಹೊಳೆಯಲ್ಲಿ ದೋಣಿ ವಾಲುವಾಗ ಸರಿಯಾಗಿ ಪುಸ್ತಕ ಮುಚ್ಚುತ್ತಿದ್ದರು. ಮರುದಿನ ಇಡೀ ಕ್ಲಾಸು ಹಾಜರ್! ನಾನು ಗಣಿತದವನು, ನನ್ನ ಭಿನ್ನರಾಶಿಗೆ ಆ ಶಕ್ತಿ ಇರಲಿಲ್ಲ.

ಟೀಚರ್ ಉಡುಪಿ ಕಡೆಯವರು. ಗಂಡ ವಾಸು ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಒಬ್ಬಳೇ ಮಗಳು ಪ್ರೇಕ್ಷಾ. ಜೂನ್ ಬಂತೆಂದರೆ ಟೀಚರೂ ನಾನೂ ಕೊಡೆ ಬಿಡಿಸಿಕೊಂಡು ಮಕ್ಕಳನ್ನು ಹುಡುಕಲು ಹೊರಡುತ್ತಿದ್ದೆವು. ಆ ಸೀಮೆಯ ಕನ್ನಡ ಮೇಷ್ಟ್ರುಗಳೆಲ್ಲ ಹೊಟ್ಟೆಪಾಡಿಗೆ ಹಿಡಿದಿದ್ದ ವಾರ್ಷಿಕ ವ್ರತ ಅದು. ಕಲಬುರಗಿ, ವಿಜಯಪುರ, ರಾಯಚೂರಿನಿಂದ ಬಂದವರ ಜೋಪಡಿಗಳ ಮುಂದೆ ನಿಂತು ಕನ್ನಡದ ಹಿರಿಮೆ ಹೇಳಬೇಕು. ಹೇಳಿ ಹೇಳಿ ನಮಗೇ ಬಾಯಿಪಾಠವಾಗಿತ್ತು.

ಅಂಥದೊಂದು ಜೋಪಡಿಯಿಂದ ಬಂದವಳು ಮಲ್ಲಿಕಾ. ಅಪ್ಪ ಹುಲಗಪ್ಪ ಕಲ್ಯಾಣ ಮಾರ್ಕೆಟ್ಟಿನಲ್ಲಿ ಹಮಾಲಿ, ಅವ್ವ ದಾನಮ್ಮ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗಿಯ ಬಾಯಿ ಜೋರು. ಒಂದು ದಿನ ಕಾದಂಬರಿಯ ನಾಯಕಿ ಹಸಿವನ್ನು ಮರೆತು ಹುಣ್ಣಿಮೆ ನೋಡುತ್ತ ನಕ್ಕಳು ಎಂದು ಟೀಚರ್ ಓದಿದಾಗ ಎದ್ದು ನಿಂತಳು.

"ಅದು ಸುಳ್ಳು ಐತ್ರಿ ಟೀಚರ್. ಹೊಟ್ಟಿ ಹಸದಾಗ ಚಂದ್ರ ಕಾಣಂಗಿಲ್ಲ. ಬರದಾಂವ ಉಂಡು ಬರದಾನ."

ಟೀಚರ್ ಇದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದರು. "ಇಂಥ ಹುಡುಗಿ ಹತ್ತು ವರ್ಷಕ್ಕೊಮ್ಮೆ ಸಿಗ್ತಾಳೆ ಮಾರಾಯ್ರೆ" ಎಂದರು. ಆ ಹೆಮ್ಮೆ ನಿಜವಾದದ್ದು. ಅದೇ ನನಗೆ ಈಗಲೂ ಗಂಟಲಲ್ಲಿ ಇಳಿಯದ ತುತ್ತು.

ಮಲ್ಲಿಕಾ ಆರನೆಯದು ಪಾಸಾದ ಜೂನಿನಲ್ಲಿ ಹುಲಗಪ್ಪ ತಾನಾಗಿಯೇ ಶಾಲೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ.

"ಅಕ್ಕೋರ, ಮರಾಠಿ ಸಾಲಿ ಹೆಡ್‌ಮಾಸ್ತರ ಈಗ ತಗೋತೀನಿ ಅಂದಾನ್ರಿ. ಒಂದು ವರ್ಷ ಭಾಷಾ ಕಲತಳಂದ್ರ ಅಲ್ಲೇ ಹತ್ತನೆತ್ತಾ ತನಕ ಹೋಗ್ತಾಳಂತ. ನಿಮ್ಮಲ್ಲಿ ಏಳಕ್ಕ ಮುಗೀತದ. ಏನು ಮಾಡ್ಲಿರಿ?"

ಆ ವರ್ಷ ನಮ್ಮ ಏಳನೆಯ ತರಗತಿಗೆ ಮಕ್ಕಳು ಸಾಲುತ್ತಿರಲಿಲ್ಲ. ಇವಳೊಬ್ಬಳು ಹೋದರೆ ಇವಳ ಹಿಂದೆ ಆ ಓಣಿಯ ಹುಡುಗಿಯರೆಲ್ಲ ಹೋಗುತ್ತಿದ್ದರು.

"ಎಂಟನೆಯದು ಬರುವ ವರ್ಷ ನಮ್ಮಲ್ಲೇ ಶುರು ಆಗ್ತದೆ ಹುಲಗಪ್ಪ," ಎಂದರು ಟೀಚರ್. "ಸಂಘದವರು ಅರ್ಜಿ ಹಾಕಿ ಆಗಿದೆ. ನಾನಿದ್ದೇನಲ್ಲ, ಅವಳ ಚಿಂತೆ ನನಗೆ ಬಿಡಿ."

ಹುಲಗಪ್ಪ ಕೈಮುಗಿದು ಹೋದ. ಅರ್ಜಿಯೂ ಇಲ್ಲ, ಗಿರ್ಜಿಯೂ ಇಲ್ಲ. ಸಂಘದ ಸಭೆಯಲ್ಲಿ ಒಮ್ಮೆ ಆ ಮಾತು ಬಂದಿತ್ತು. ಅಧ್ಯಕ್ಷ ಲೀಲಾಧರರು ಸಂಘದ ಸಭಾಭವನ ಕಟ್ಟಿ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರು. ಟೀಚರಿಗೂ ಇದು ಗೊತ್ತಿತ್ತು. ಹೀಗೆ ಹೇಳಬಾರದಿತ್ತು ಎಂದೆ ನಾನು.

"ನಿಮ್ಮ ಪೋಸ್ಟೂ ಉಳೀತಲ್ಲ, ಸುಮ್ಮನಿರಿ ಮಾರಾಯ್ರೆ" ಎಂದರು.

ಆ ವರ್ಷ ಕಾದಂಬರಿ ರಂಗೇರಿತು. ಟೀಚರಿಗೆ ಗಂಟಲು ಕಟ್ಟಿದ ದಿನಗಳಲ್ಲಿ ಮಲ್ಲಿಕಾಳೇ ಓದುತ್ತಿದ್ದಳು. ಅವಳ ಓದು ಕೇಳಲು ಜವಾನನೂ ಗಂಟೆ ಹೊಡೆಯುವುದನ್ನು ತಡಮಾಡುತ್ತಿದ್ದ. ಇನ್‌ಸ್ಪೆಕ್ಟರು ತುಂಬಿದ ಬೆಂಚು ಕಂಡು ಖುಷಿಯಾಗಿ ಹೋದರು. ಏಪ್ರಿಲ್ ಬಂತು. ಸಭಾಭವನಕ್ಕೆ ಬಣ್ಣ ಬಳಿದಾಯಿತು. ಎಂಟನೆಯ ತರಗತಿ ಬರಲಿಲ್ಲ.

ಟೀಚರ್ ಮಲ್ಲಿಕಾಳನ್ನು ಕರೆದುಕೊಂಡು ಮರಾಠಿ ಶಾಲೆಗೆ ಹೋದರು. ಹೋದ ವರ್ಷ ಬಂದಿದ್ದರೆ ಆಗುತ್ತಿತ್ತು, ಈಗ ಹೈಸ್ಕೂಲಿಗೆ ಹೇಗೆ ಸೇರಿಸಲಿ, ಬೇಕಾದರೆ ಐದನೆಯದರಲ್ಲಿ ಕೂರಲಿ ಎಂದರು ಹೆಡ್‌ಮಾಸ್ತರು. ಕನ್ನಡದ ಹೈಸ್ಕೂಲೆಂದರೆ ಮುಂಬಯಿಗೇ ಹೋಗಬೇಕು. ಆ ಲೋಕಲ್ ಟ್ರೇನಿನ ನೂಕುನುಗ್ಗಲಿಗೆ ಮಗಳನ್ನು ಒಬ್ಬಳನ್ನೇ ಬಿಡಲು ಹುಲಗಪ್ಪ ಒಪ್ಪಲಿಲ್ಲ. ಹುಡುಗಿ ಐದನೆಯದರಲ್ಲಿ ಸಣ್ಣ ಮಕ್ಕಳ ನಡುವೆ ಮೊಣಕಾಲು ಮಡಚಿ ಕುಳಿತಳು. ಅವು ಅವಳನ್ನು ಅಜ್ಜಿ ಎಂದು ಕರೆದವು. ದೀಪಾವಳಿ ರಜೆಗೆಂದು ಮನೆಯಲ್ಲಿ ಉಳಿದವಳು ಮತ್ತೆ ಹೋಗಲಿಲ್ಲ. ಉಲ್ಹಾಸನಗರದ ಜೀನ್ಸ್ ಕಾರ್ಖಾನೆಯೊಂದರಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು.

ಮತ್ತೆ ಜೂನ್ ಬಂತು. ನಾವು ಮತ್ತೆ ಅದೇ ಓಣಿಗೆ ಹೋದೆವು. ದಾನಮ್ಮನ ಕಿರಿಯ ಮಗಳು ನಮ್ಮಲ್ಲಿ ನಾಲ್ಕನೆಯದು ಮುಗಿಸಿದ್ದಳು. ಐದಕ್ಕೂ ನಮ್ಮಲ್ಲೇ ಉಳಿಸಿಕೊಳ್ಳಬೇಕಿತ್ತು. ಅಷ್ಟಾಗಿಯೂ ಆ ಬಾಗಿಲಿಗೆ ಹೋಗಲು ಟೀಚರಿಗೆ ಹೇಗೆ ಮನಸ್ಸು ಬಂತೋ! ಪ್ರೇಕ್ಷಾಳ ಶಾಲೆ ಅಂದು ಬೇಗ ಬಿಟ್ಟಿದ್ದರಿಂದ ಅವಳನ್ನೂ ಕರೆತಂದಿದ್ದರು. ಹುಡುಗಿಯ ಕೊರಳಲ್ಲಿ ಕಾನ್ವೆಂಟಿನ ಟೈ ಇತ್ತು.

ಕಾರ್ಖಾನೆಗೆ ಶುಕ್ರವಾರ ವಾರದ ರಜೆಯೆಂದು ಮಲ್ಲಿಕಾ ಮನೆಯಲ್ಲೇ ಇದ್ದಳು. ಟೀಚರನ್ನು ಕಂಡು ಓಡಿಬಂದು ಗೋಣಿಚೀಲ ಹಾಸಿದಳು, ಚಹಾ ಮಾಡಿದಳು. ಟೀಚರ್ ಕನ್ನಡದ ಹಿರಿಮೆ ಶುರುಮಾಡಿದರು. ಮಲ್ಲಿಕಾ ಕೇಳುತ್ತ ಪ್ರೇಕ್ಷಾಳ ಟೈಯನ್ನೇ ನೋಡುತ್ತಿದ್ದಳು.

"ನಿನಗ ಕನ್ನಡ ಓದಾಕ ಬರ್ತದ?" ಎಂದು ಅವಳನ್ನು ಕೇಳಿದಳು.

"ಸಮಝ್‌ತಾ ಹೈ. ಪಢ್‌ನಾ ನಹೀ ಆತಾ" ಎಂದಿತು ಮಗು. ಅರ್ಥವಾಗುತ್ತದೆ, ಓದಲು ಬರುವುದಿಲ್ಲ ಎಂದು, ಅದೂ ಹಿಂದಿಯಲ್ಲಿ.

ದಾನಮ್ಮ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ತಲೆ ತಗ್ಗಿಸಿಕೊಂಡು ಸೆರಗಿನ ಅಂಚು ತಿರುವುತ್ತಿದ್ದಳು. ಮಲ್ಲಿಕಾ ಟೀಚರ ಕೈಗೆ ಚಹಾ ಕೊಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳುವಾಗಿನ ಮರ್ಯಾದೆಯೇ ಇತ್ತು.

"ತಂಗೀನ ಮರಾಠಿ ಸಾಲಿಗಿ ಹಾಕೀವ್ರಿ ಟೀಚರ್. ಕಾದಂಬರಿ ಏನೈತಲ್ರೀ, ಅದನ್ನ ರಾತ್ರಿ ಮನ್ಯಾಗ ನಾನೇ ಹೇಳ್ತೀನಿ ಅಕಿಗಿ."