ಭಾರಕ್ಕೆಂದು ಹತ್ತಿದವರು

“ನಿಲ್ಲಿಸಿ, ಇನ್ನು ತಡೆಯಲಿಕ್ಕಾಗುವುದಿಲ್ಲ,” ಎಂದು ಪಿಕಪ್ಪಿನ ಹಿಂದೆ ಮಲಗಿದ್ದ ಅಕ್ಕ ನರಳಿದಳು. ಅರವತ್ತರ ದಶಕದ ಮಾತು. ತುಂಬು ಬಸುರಿ ಅಕ್ಕನನ್ನು ಪುತ್ತಿಗೆಯಿಂದ ಮೂಡುಬಿದಿರೆಯ ಆಸ್ಪತ್ರೆಗೆ ಒಯ್ಯುತ್ತಿದ್ದೆವು. ಹೆಂಚು ಹೇರಲೆಂದು ಭಾವ ಆ ಹಳೆಯ ಗಾಡಿಯ ಹಿಂದಿನ ಸ್ಪ್ರಿಂಗಿಗೆ ಆಗಷ್ಟೇ ಹೆಚ್ಚುವರಿ ಪ್ಲೇಟು ಹಾಕಿಸಿದ್ದರು. ಗಡುಸಾದ ಖಾಲಿ ಗಾಡಿ ಹೊಂಡ ಸಿಕ್ಕಲ್ಲೆಲ್ಲ ಎತ್ತಿ ಹಾಕುತ್ತಿತ್ತು.

ಭಾರವಿದ್ದರೆ ಕುಲುಕು ಕಡಿಮೆಯಾದೀತೆಂದು ಭಾವ ಇಳಿದು, ರಸ್ತೆಬದಿಯಲ್ಲಿ ಕೆಂಪುಕಲ್ಲು ಕಡಿಯುತ್ತಿದ್ದವರಲ್ಲಿ ಕಲ್ಲು ಕೇಳಿದರು.

“ಕಲ್ಲು ಹೇರುವಾಗ ಹೊತ್ತಾಗ್ತದೆ ಮಾರಾಯ್ರೆ, ನಾವೇ ಕೂತುಕೊಳ್ತೇವೆ,” ಎಂದು ಅವರಲ್ಲಿ ಹಿರಿಯರೊಬ್ಬರು ಹೇಳಿದರು. ಎಲ್ಲರೂ ಹತ್ತಿ ಅಕ್ಕನ ಸುತ್ತ ಕುಳಿತರು. ಗಾಡಿಯ ಕುಲುಕಾಟ ತಗ್ಗಿತು.

ಆಸ್ಪತ್ರೆಗೇನೋ ತಲುಪಿದೆವು, ಆದರೆ ಮಗು ಉಳಿಯಲಿಲ್ಲ. ನಾವು ಕಣ್ಣೊರೆಸಿಕೊಂಡು ಹೊರಬರುವಷ್ಟರಲ್ಲಿ ಅವರು ನಡೆದೇ ಹೊರಟುಹೋಗಿದ್ದರು. ಮುಂದೆ ಭಾವ ಹುಡುಕಿಕೊಂಡು ಹೋದಾಗ ಅಲ್ಲಿ ಕಲ್ಲಿನ ಕೆಲಸ ಮುಗಿದಿತ್ತು.

ಅಕ್ಕ ಬದುಕಿದಳೆಂದು ಅವರಿಗೆ ಹೇಳಲಾಗಲೇ ಇಲ್ಲವಲ್ಲ ಎಂಬ ಕೊರಗು ಇಂದಿಗೂ ಉಳಿದಿದೆ.