ಮಗು ಅತ್ತರೆ ಮಂಕಾಗುವ ದೀಪ

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಅಂಕೋಲೆಯ ಸುಶೀಲಬಾಯಿಯವರ ಮನೆಯಲ್ಲಿ ಬಾಣಂತಿಯನ್ನೂ ಮಗುವನ್ನೂ ಮೀಯಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಈ ಕೆಲಸದಲ್ಲಿ ನನಗೆ ಆಗಲೇ ಮೂವತ್ತೆಂಟು ವರ್ಷ.

ಬಾಣಂತಿಯೆಂದರೆ ಸುಶೀಲಬಾಯಿಯವರ ಮಗಳು ಅಶ್ವಿನಿ. ಮನೆಗಳಿಗೆ ಡಿಜಿಟಲ್ ಬೆಳಕು ಡಿಸೈನ್ ಮಾಡುವುದು ಅವಳ ಉದ್ಯೋಗ. ಹೆರಿಗೆಗೆ ಮೊದಲೇ ತಾಯಿಮನೆಯ ಕೋಣೆಗೂ ಬಚ್ಚಲಿಗೂ ತನ್ನ ದೀಪ ಹಾಕಿಸಿದ್ದಳು. ಜೇನಿನ ಬಣ್ಣದ ಬೆಳಕು. ಮಗು ಅತ್ತರೆ ಸೆನ್ಸರ್ ಕೇಳಿಸಿಕೊಳ್ಳುತ್ತದೆ, ದೀಪ ತಾನೇ ಮಂಕಾಗಿ ಮಗುವನ್ನು ಸಮಾಧಾನ ಮಾಡುತ್ತದೆ. ಗಾಳಿ ತಾಗಬಾರದೆಂದು ಕಿಟಕಿ ಎಲ್ಲ ಮುಚ್ಚಿದ್ದರಿಂದ ಹಗಲಿಗೂ ಅದೇ ಬೆಳಕು.

ಆಸ್ಪತ್ರೆಯಿಂದ ಬಂದದ್ದು ಹೆರಿಗೆಯಾದ ಮೂರನೆಯ ದಿನ. ನೀರು ಬಿದ್ದಾಗ ಮಗು ಕೂಗಿತು, ದೀಪ ಮಂಕಾಯಿತು. ನಾಲ್ಕನೆಯ ದಿನ ಮಂಕಾಗಲಿಲ್ಲ.

"ನೋಡು ನಾಗಕ್ಕ, ಬೆಳಕು ಅವಂಗೆ ಒಗ್ತು" ಎಂದಳು ಅಶ್ವಿನಿ. ಚಲೋ ದೀಪ, ಚಲೋ ಮಗು ಎಂದು ನಾನೂ ಹೊಗಳಿದೆ. ಅಳದ ಮಗುವನ್ನು ಮೀಯಿಸುವುದು ಸುಲಭ.

ಐದನೆಯ ದಿನ ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ದೆ. ದೀಪ ಹಾಗೇ ಇತ್ತು. ಮಗು ಹಿಂಡಿದ ಬಟ್ಟೆಯ ಹಾಗೆ ಬಿದ್ದಿತ್ತು. ಬೆಳಗಿನಿಂದ ಮೊಲೆ ಹಿಡಿದಿಲ್ಲವೆಂದು ಅಶ್ವಿನಿ ಆಗ ಹೇಳಿದಳು. ಮೈ ನೋಡಿದರೆ ಹಳದಿ. ಆದರೆ ಆ ಬೆಳಕಿನಲ್ಲಿ ನನ್ನ ಕೈಯೂ ಹಳದಿ, ಗೋಡೆಯೂ ಹಳದಿ. ಮಗುವನ್ನು ಒರೆಸಿ, ಸುತ್ತಿ, ಅಂಗಳಕ್ಕೆ ಹೊರಟೆ. ಸುಶೀಲಬಾಯಿ ಬಾಗಿಲಿಗೆ ಅಡ್ಡ ನಿಂತರು.

"ಹನ್ನೊಂದು ದಿನ ಆಗ್ದೆ ಮಗು ಹೊಸ್ತಿಲು ದಾಟೂದಿಲ್ಲ. ಇದನ್ನೂ ನಿಂಗೆ ನಾ ಹೇಳ್ಕೊಡ್ಬೇಕಾ?"

"ಆಸ್ಪತ್ರೆಯಿಂದ ಹೊಸ್ತಿಲು ದಾಟ್ದೇ ಹಾರಿ ಬಂತಾ? ದಾರಿ ಬಿಡಿ ಬಾಯಿ."

ಬಿಸಿಲಿನಲ್ಲಿ ಎದೆಯ ಮೇಲೆ ಬೆರಳು ಒತ್ತಿ ಎತ್ತಿದೆ. ಅರಿಸಿನ ಹಚ್ಚಿದಂತೆ ಹಳದಿ. ಕಣ್ಣಲ್ಲೂ, ಅಂಗಾಲಲ್ಲೂ. ಕಾಮಾಲೆ. ಸುಶೀಲಬಾಯಿಯವರೇ ಬಾಡಿಗೆ ಕಾರು ಕರೆಸಿದರು.

ಇನ್ನೊಂದು ದಿನ ಬಿಟ್ಟಿದ್ದರೆ ಮಿದುಳಿಗೆ ಏರುತ್ತಿತ್ತು ಎಂದರು ಕಾರವಾರದ ಡಾಕ್ಟರು. ಫೋಟೋಥೆರಪಿ ಎಂದು, ಕಣ್ಣಿಗೆ ಪಟ್ಟಿ ಕಟ್ಟಿ, ಮೂರು ದಿನ ನೀಲಿ ದೀಪದ ಕೆಳಗೆ ಇಟ್ಟರು. ಕಾಮಾಲೆ ಹೆಚ್ಚಾದರೆ ಕಿವಿಗೂ ಪೆಟ್ಟಂತೆ; ಕಿವಿ ಕೇಳುತ್ತದೋ ಇಲ್ಲವೋ ಎಂದು ಆಮೇಲೂ ಎರಡು ಸಲ ಪರೀಕ್ಷೆ ಆಯಿತು. ಕೇಳುತ್ತದೆ.

ಮನೆಗೆ ಬಂದ ಮೇಲೆ ಅಶ್ವಿನಿ ಬಚ್ಚಲಲ್ಲಿ ಮಣೆ ಹಾಕಿಕೊಂಡು ನನ್ನ ಪಕ್ಕ ಕೂತಳು. ಎಂಥ ಬೆಳಕು ಬೇಕೆಂದು ಕೇಳಿದಳು.

"ಬಿಸಿಲಿನಂಥದ್ದು. ಕೂತಲ್ಲೇ ಮೊಣಕೈ ತಾಗ್ಸಿದ್ರೆ ಹತ್ಬೇಕು. ಮಗು ಅತ್ರೂ ಅಳ್ದಿದ್ರೂ ಹಂಗೇ ಇರ್ಬೇಕು."

ಹಾಗೇ ಮಾಡಿದಳು. ಈಗ ಬೇರೆಯವರ ಮನೆಗೂ ಅದನ್ನೇ ಹಾಕುತ್ತಾಳಂತೆ.

ದೀಪದ ತಪ್ಪನ್ನು ಅವಳು ಸರಿ ಮಾಡಿದಳು. ನಾಲ್ಕನೆಯ ದಿನ ಚಲೋ ಮಗು ಎಂದು ಒರೆಸಿ ಕೊಟ್ಟವಳು ನಾನು. ಈಗ ಯಾವ ಮನೆಯಲ್ಲಾದರೂ ನೀರು ಮುಟ್ಟುವ ಮೊದಲು ಮಗುವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತೇನೆ. ನೀರು ಬಿದ್ದಾಗ ಅಳದಿದ್ದರೆ ತಂಬಿಗೆ ಕೆಳಗಿಡುತ್ತೇನೆ.