ಎಂಬತ್ತು ದಾಟಿದರೆ ನಡುಕ

ಎಂಬತ್ತು ದಾಟಿದರೆ ನನ್ನ ಕಾರು ನಡುಗುತ್ತಿತ್ತು. ಬಾಗಲಕೋಟೆಯಲ್ಲಿ ಎರಡು ಸಲ ಮುಂದಿನ ಗಾಲಿಗಳನ್ನು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗಲಿಲ್ಲ. ಹೆಂಡತಿ ಕಾರು ಹತ್ತುವುದನ್ನೇ ಬಿಟ್ಟಳು. ಕೊನೆಗೆ ಕುಳಗೇರಿ ಕ್ರಾಸಿನ ಟೈರ್ ಅಂಗಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋದೆ.

"ಸ್ಟೇರಿಂಗ್ ನಡಗಾಕತ್ತೇತೇನ್ರಿ ಸರ?"

"ಇಲ್ರಿ, ಸೀಟು."

"ಹಂಗಾರ ಹಿಂದಿನ ಗಾಲಿ. ಕುಂಡಿ ಸುಳ್ಳ ಹೇಳಂಗಿಲ್ರಿ."

ತಹಶೀಲ್ದಾರರಿಗೂ ಅವರು ಇದೇ ಮಾತು ಹೇಳುತ್ತಿದ್ದರಂತೆ.

ಅಂಗಡಿಗೆ ಮರಳಿ ಹಿಂದಿನ ಗಾಲಿ ಬಿಚ್ಚಿದರು. ರಿಮ್ಮಿನ ಒಳಗೆ ಎರೆಮಣ್ಣು ಒಣಗಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಅದನ್ನು ಕೆರೆಯುವಾಗ ಅವರ ಕೈ ಒಂದೇ ಸಮನೆ ನಡುಗುತ್ತಿದ್ದುದನ್ನು ಕಂಡೆ. ಆಮೇಲೆ ಕಾರು ನೂರರಲ್ಲೂ ಅಲುಗಲಿಲ್ಲ.

ಖುಷಿಯಲ್ಲಿ ನಾನೂ ಒಂದು ಸಲಹೆ ಕೊಟ್ಟೆ: "ನಿಮ್ಮ ಕೈ ಒಮ್ಮೆ ದೊಡ್ಡ ದವಾಖಾನಿಗೆ ತೋರಸ್ರಿ."

"ತೋರಿಸೀನ್ರಿ," ಎಂದರು. "ಡಾಕ್ಟರಿಗೆ ಮಣ್ಣ ಸಿಗಲಿಲ್ಲ."